ಹಡಗಿನ ಬಿಸಿ ಎಲ್ಲಿಗೆ ಹೋಗುತ್ತೆ?

ಐದು ವರ್ಷದ ಹಿಂದೆ ಒಂದು ಕಾದಂಬರಿ ಶುರು ಮಾಡಿದೆ. ಇವತ್ತಿನಿಂದ ಹನ್ನೆರಡು ಸಾವಿರ ವರ್ಷ ಮುಂದೆ ನಡೆಯುವ ಕಥೆ. ನಾನೂರು ನಕ್ಷತ್ರಗಳ ಸಾಮ್ರಾಜ್ಯ, ಮೂರು ಮನೆತನಗಳ ಹಗೆ, ಒಂದೊಂದು ಊರಿನಷ್ಟು ದೊಡ್ಡ ಬಾಹ್ಯಾಕಾಶ ಹಡಗುಗಳು. ಮೊದಲ ಮೂರು ಅಧ್ಯಾಯ ಮುಗಿಸಿ, ಯಾರಿಗಾದರೂ ತೋರಿಸಲೇಬೇಕು ಅನ್ನಿಸಿ, ಭಾವನ ಕೈಗೆ ಕೊಟ್ಟೆ. ಭಾವ ರಾಯಚೂರಿನ ಹತ್ತಿರ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಕಥೆ ಗಿಥೆ ಜಾಸ್ತಿ ಓದುವವರಲ್ಲ. ಊಟ ಮುಗಿಸಿ, ಕನ್ನಡಕ ಏರಿಸಿಕೊಂಡು, ಇಪ್ಪತ್ತು ಪುಟ ಓದಿ ಒಂದೇ ಮಾತು ಕೇಳಿದರು.

‘ಚೆನ್ನಾಗಿದೆ. ಈ ಹಡಗಿನ ಬಿಸಿ ಎಲ್ಲಿಗೆ ಹೋಗುತ್ತೆ?’

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಹೊರಗೆ ಅಷ್ಟು ಚಳಿ ಇರುವಾಗ ತಾನಾಗೇ ಆರುತ್ತದೆ ಬಿಡಿ ಅಂದೆ. ‘ಹಂಗಾದ್ರೆ ಫ್ಲಾಸ್ಕಿನಲ್ಲಿ ಕಾಫಿ ಯಾಕೆ ಆರಲ್ಲ?’ ಅಂದರು. ಎರಡು ಗೋಡೆ ನಡುವೆ ಗಾಳಿ ಇಲ್ಲ, ಅದಕ್ಕೇ ತಾನೇ. ನನ್ನ ಹಡಗಿನ ಸುತ್ತಲೂ ಗಾಳಿ ಇಲ್ಲ. ಅಂದರೆ ಅದು ಇಡೀ ಬ್ರಹ್ಮಾಂಡದ ಅತಿ ದೊಡ್ಡ ಫ್ಲಾಸ್ಕಿನೊಳಗೆ ಕೂತಿದೆ. ಅವರ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಬರುವ ಬಿಸಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಮಾತ್ರ ಕರೆಂಟ್ ಆಗುತ್ತದೆ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲನ್ನು ಹೊರಗೆ ಹಾಕೋಕೇ ಕೂಲಿಂಗ್ ಟವರ್ ಬೇಕು, ಕೃಷ್ಣಾ ನದಿ ನೀರು ಬೇಕು. ‘ನಿನ್ನ ಹಡಗಿಗೆ ನದಿ ಎಲ್ಲಿದೆ?’

ಆ ಮೂರು ಅಧ್ಯಾಯ ಕಸದ ಬುಟ್ಟಿಗೆ ಹೋಯಿತು. ಅದರಲ್ಲಿ ಇದ್ದದ್ದಾದರೂ ಏನು ಹೇಳಿ? ‘ಕ್ವಾಂಟಂ’ ಅಂತ ಮುಂದೆ ಹಚ್ಚಿದ ಹನ್ನೊಂದು ಯಂತ್ರ, ನೀಲಿ ಬೆಳಕಿನ ಗುರಾಣಿ, ಗುಂಡಿ ಒತ್ತಿದರೆ ನೆಲಕ್ಕೆ ಎಳೆಯುವ ಗುರುತ್ವದ ಪ್ಲೇಟು. ಒಂದೂ ಕೆಟ್ಟು ನಿಲ್ಲುವುದಿಲ್ಲ, ಒಂದಕ್ಕೂ ರಿಪೇರಿಯವನಿಲ್ಲ, ಒಂದರಿಂದಲೂ ಯಾರ ಕೈಯೂ ಸುಡುವುದಿಲ್ಲ. ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಏನೇ ಯಂತ್ರ ಕಲ್ಪಿಸಿದರೂ ಮೊದಲು ಅದರ ಬಿಸಿ ಬರೆಯಬೇಕು, ಆಮೇಲೆ ಅದನ್ನು ರಿಪೇರಿ ಮಾಡುವವನ ಹೆಸರು ಬರೆಯಬೇಕು. ಹೆಸರು ಹೊಳೆಯದಿದ್ದರೆ ಆ ಯಂತ್ರ ಕಥೆಗೆ ಬರಕೂಡದು. ಈ ನಿಯಮ ನನಗೆ ನಾನೇ ಹಾಕಿಕೊಂಡದ್ದು.

ಬಿಸಿಯ ಲೆಕ್ಕ ನೀವಂದುಕೊಂಡಷ್ಟು ಕಷ್ಟ ಇಲ್ಲ. ಗಾಳಿ ಇಲ್ಲದ ಕಡೆ ಬಿಸಿ ಹೊರಹೋಗಲು ಇರುವ ದಾರಿ ವಿಕಿರಣ ಒಂದೇ. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಅದು ಉಷ್ಣತೆಯ ನಾಲ್ಕನೇ ಘಾತದ ಹಾಗೆ ಏರುತ್ತದೆ. 27 ಡಿಗ್ರಿಯಲ್ಲಿರುವ ಒಂದು ಚದರ ಮೀಟರ್ ಕಪ್ಪು ಹಾಳೆ ಒಂದು ಮುಖದಿಂದ ಸುಮಾರು 460 ವ್ಯಾಟ್ ಬಿಡುತ್ತದೆ, ಒಂದು ಸಣ್ಣ ಮಿಕ್ಸಿಯಷ್ಟು. ಅದೇ ಹಾಳೆಯನ್ನು 727 ಡಿಗ್ರಿಗೆ, ಅಂದರೆ 1000 ಕೆಲ್ವಿನ್‌ಗೆ ಕಾಯಿಸಿದರೆ ಸುಮಾರು 57 ಕಿಲೋವ್ಯಾಟ್. ನನ್ನದು ಸಾಧಾರಣ ಸರಕಿನ ಹಡಗು, ಅದರ ಎಂಜಿನ್ ಒಂದು ಗಿಗಾವ್ಯಾಟ್ ಬಿಸಿ ಸುಮ್ನೆ ಚೆಲ್ಲುತ್ತದೆ ಅಂತ ಇಟ್ಟುಕೊಂಡೆ. ತಣ್ಣಗಿನ ಹಾಳೆಯಾದರೆ ಎರಡೂ ಮುಖ ಸೇರಿಸಿಯೂ 269 ಎಕರೆ ಬೇಕು. ಕೆಂಪಗೆ ಕಾದ ಹಾಳೆಯಾದರೆ 2 ಎಕರೆ 7 ಗುಂಟೆ ಸಾಕು. ಎಕರೆ ಗುಂಟೆಯಲ್ಲಿ ಬರೆದ ಮೇಲೇ ಹಡಗು ನನ್ನ ಕಣ್ಣಿಗೆ ಕಾಣಿಸಿದ್ದು. ಚೂಪು ಮೂಗಿನ ಬಾಣ ಅಲ್ಲ ಅದು. ಒಂದು ಸಣ್ಣ ಕೋಣೆ, ಅದರ ಬೆನ್ನಿಗೆ ಎರಡು ಎಕರೆ ಗದ್ದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಫೋಟೊ ಸರಿಯಾಗಿ ನೋಡಿ. ಸೋಲಾರ್ ಪ್ಯಾನೆಲ್‌ಗಳ ನಡುವೆ ಬಿಳಿ ಬಣ್ಣದ, ಮಡಿಕೆ ಮಡಿಕೆಯ ಹಲಗೆಗಳಿವೆ. ಅವೇ ಬಿಸಿಯನ್ನು ಹೊರಗೆ ಬಿಡುವ ರೇಡಿಯೇಟರ್, ಒಳಗೆ ಅಮೋನಿಯಾ ಹರಿಯುತ್ತದೆ. ಅಷ್ಟು ವರ್ಷದಿಂದ ಆ ಫೋಟೊ ನೋಡುತ್ತಿದ್ದವನು ಅವನ್ನೂ ಸೋಲಾರ್ ಅಂತಲೇ ತಿಳಿದಿದ್ದೆ, ನಾಚಿಕೆ.

ಹೆಸರಿನ ವಿಷಯಕ್ಕೆ ಬರುತ್ತೇನೆ, ನಾನು ಹೆಚ್ಚು ಒದ್ದಾಡಿದ್ದು ಇಲ್ಲೇ. ಮೊದಲು ‘ಉಷ್ಣವಿಕಿರಣ ಫಲಕ’ ಅಂತ ಬರೆದೆ. ಹಡಗಿನಲ್ಲಿ ಬೆಂಕಿ ಬಿದ್ದಾಗ ಯಾರಾದರೂ ‘ಉಷ್ಣವಿಕಿರಣ ಫಲಕವನ್ನು ಮಡಚಿ’ ಅಂತ ಕೂಗುತ್ತಾರಾ? ದಿನಾ ಮುಟ್ಟುವ ವಸ್ತುವಿಗೆ ಜನ ಎರಡಕ್ಷರದ ಹೆಸರಿಡುತ್ತಾರೆ. ಅಗಲ, ಚಪ್ಪಟೆ, ಕೇರುವ ಹಾಗೆ ಹಿಂದೆ ಮುಂದೆ ಆಡುತ್ತದೆ. ಹಾಗಾಗಿ ಅದು ‘ಮೊರ’ ಆಯಿತು. ‘ಮೊರ ಮಡಚು!’ ಈಗ ಕೂಗಬಹುದು.

ಮೊರಕ್ಕೆ ಒಂದು ತೊಂದರೆ, ಮರಳಿನಷ್ಟು ಕಲ್ಲು ಬಡಿದರೂ ತೂತು. ಹತ್ತರಲ್ಲಿ ಒಂದು ಪಾಲು ಬೆಳಕಿನ ವೇಗದಲ್ಲಿ ಬರುವ ಒಂದೇ ಗ್ರಾಂ ತುಣುಕಿನಲ್ಲಿ ನೂರು ಟನ್ ಟಿಎನ್‌ಟಿ ಸ್ಫೋಟಕಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ. (ಇದು ಗೊತ್ತಾದ ದಿನವೇ ಲೇಸರ್ ಗೀಸರ್ ಎಲ್ಲ ಬಿಟ್ಟೆ. ನನ್ನ ಕಥೆಯಲ್ಲಿ ಯುದ್ಧ ಅಂದರೆ ದಾರಿಗೆ ಮರಳು ಚೆಲ್ಲುವುದು, ಅಷ್ಟೇ.) ಹುಡುಕುತ್ತಾ ಹೋದಾಗ ಹನಿ ರೇಡಿಯೇಟರ್ ಅನ್ನುವ ಕಲ್ಪನೆ ಸಿಕ್ಕಿತು. 1980ರ ದಶಕದಲ್ಲಿ ನಾಸಾದವರು ಇದನ್ನು ಅಧ್ಯಯನ ಮಾಡಿದ್ದಾರೆ. ಹಾಳೆಯೇ ಇಲ್ಲ. ಬಿಸಿ ದ್ರವವನ್ನು ಸಣ್ಣ ಸಣ್ಣ ಹನಿಯಾಗಿ ಒಂದು ತುದಿಯಿಂದ ಬಯಲಿಗೆ ಚಿಮ್ಮಿಸುವುದು, ಹಾರುತ್ತಾ ಹಾರುತ್ತಾ ಅವು ಬಿಸಿ ಬಿಡುತ್ತವೆ, ಇನ್ನೊಂದು ತುದಿಯಲ್ಲಿ ಹಿಡಿದು ಮತ್ತೆ ಒಳಗೆ ಕಳಿಸುವುದು. ಕಲ್ಲು ತೂರಿ ಹೋದರೂ ನಾಲ್ಕು ಹನಿ ಹೋಗುತ್ತದೆ, ಇನ್ನೇನಿಲ್ಲ. ದ್ರವ ಯಾವುದು ಅಂದರೆ ಕರಗಿದ ತವರ ಆಗಬಹುದು. ಅದು 232 ಡಿಗ್ರಿಗೇ ಕರಗುತ್ತದೆ, ಆದರೆ ನಿರ್ವಾತದಲ್ಲೂ ಅಷ್ಟು ಸುಲಭವಾಗಿ ಆವಿಯಾಗಿ ಹೋಗುವುದಿಲ್ಲ.

ಇದಕ್ಕೆ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ. ಕತ್ತಲಲ್ಲಿ ಮಂದ ಕೆಂಪು ಬಣ್ಣದ ಸಣ್ಣ ಮಳೆ. ಸೋನೆ. ತವರದ ಕೆಲಸ ಅಂದಮೇಲೆ ಅದನ್ನು ನೋಡಿಕೊಳ್ಳುವವರು ಕಲಾಯಿಯವರು. ನಮ್ಮ ಬೀದಿಗೆ ತಿದಿ ಹೊತ್ತು ಬಂದು, ಹಿತ್ತಾಳೆ ಪಾತ್ರೆಗೆ ನವಸಾಗರ ಉಜ್ಜಿ ತವರ ಬಳಿಯುತ್ತಿದ್ದ ಕಲಾಯಿಯವರನ್ನು ನೋಡಿ ಬೆಳೆದವನು ನಾನು, ಆ ಹೊಗೆಯ ವಾಸನೆ ಈಗಲೂ ಮೂಗಿನಲ್ಲಿದೆ. ಹನ್ನೆರಡು ಸಾವಿರ ವರ್ಷ ಆದಮೇಲೂ ಹಡಗಿನಲ್ಲಿ ಅವರೇ ಇದ್ದಾರೆ, ಅಂಗೈಯಲ್ಲಿ ಸುಟ್ಟ ಕಲೆ ಸಮೇತ.

ಸೋನೆಗೂ ಒಂದು ಕೊರತೆ ಇದೆ, ಕಥೆಗೆ ಅದು ಬಂಗಾರ. ಹನಿ ಒಂದು ಸಲ ಚಿಮ್ಮಿತು ಅಂದರೆ ಅದು ನೇರ ಹೋಗುತ್ತದೆ, ಹಡಗು ತಿರುಗಿದರೆ ಅದು ತಿರುಗುವುದಿಲ್ಲ. ಆಗ ಇನ್ನೊಂದು ತುದಿಯಲ್ಲಿರುವ ಬಾಯಿ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಶತ್ರುವಿನ ಮರಳು ಬರುವಾಗ ಕ್ಯಾಪ್ಟನ್ ಮುಂದೆ ಎರಡೇ ದಾರಿ. ತಿರುಗಿದರೆ ತವರ ಹೋಗುತ್ತದೆ. ತಿರುಗುವ ಮೊದಲು ಸೋನೆ ನಿಲ್ಲಿಸಿದರೆ ಎಂಜಿನ್ ಕುದಿಯುತ್ತದೆ. ಐದನೇ ಅಧ್ಯಾಯ ಪೂರ್ತಿ ಇದೇ ಜಗಳ, ಕ್ಯಾಪ್ಟನ್ನಿಗೂ ಹಿರಿಯ ಕಲಾಯಿಯವಳಿಗೂ. ಬರೆಯಲು ನಾನೇನೂ ಕಷ್ಟಪಡಲಿಲ್ಲ, ಅವರೇ ಜಗಳ ಆಡಿಕೊಂಡರು.

ಇದೇ ಬಿಸಿ ನನ್ನ ಅತ್ಯಂತ ಪ್ರೀತಿಯ ದೃಶ್ಯವನ್ನೂ ತಿಂದುಹಾಕಿತು. ಧೂಮಕೇತುವಿನ ಹಿಂದೆ ಅಡಗಿ ಕೂತು ಹಠಾತ್ತನೆ ಮೇಲೆರಗುವ ದೃಶ್ಯ ಅದು. ಆಕಾಶದ ಹಿನ್ನೆಲೆ 2.7 ಕೆಲ್ವಿನ್, ಅಂದರೆ ಸೊನ್ನೆ ಡಿಗ್ರಿಗಿಂತ ಸುಮಾರು 270 ಡಿಗ್ರಿ ಕೆಳಗೆ, ಅದರ ಮುಂದೆ ಜನ ಬದುಕಿರುವ ಯಾವ ಹಡಗಾದರೂ ಕತ್ತಲಲ್ಲಿ ಹಚ್ಚಿದ ಕೆಂಡ. ಬಾಹ್ಯಾಕಾಶದಲ್ಲಿ ಅಡಗುವುದು ಅಂದರೆ ಬಿಸಿಯನ್ನು ಅಡಗಿಸುವುದು. ಒಂದು ವಾರ ಬೇಜಾರಿನಲ್ಲಿ ಓಡಾಡಿ ಕೊನೆಗೆ ಐಸ್ ಹಿಡಿದೆ. ಎಂಜಿನ್ ನಿಲ್ಲಿಸಿದ ಹಡಗಿನ ಬಿಸಿ ಒಂದು ಮೆಗಾವ್ಯಾಟ್ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕು. 100 ಟನ್ ಐಸ್ ಹೊತ್ತು, ಮೊರ ಮಡಚಿ, ಬಿಸಿಯನ್ನೆಲ್ಲ ಅದಕ್ಕೆ ಕುಡಿಸಿದರೆ ಒಂಬತ್ತು ಗಂಟೆ ಚಿಲ್ಲರೆ ಕಾಣಿಸದೆ ಇರಬಹುದು. ಆಮೇಲೂ ಹಲ್ಲು ಕಚ್ಚಿ ನೀರು 40 ಡಿಗ್ರಿ ಆಗುವ ತನಕ ಕಾದರೆ ಇನ್ನೊಂದು ನಾಲ್ಕೂವರೆ ಗಂಟೆ. ನನ್ನ ಯುದ್ಧಕ್ಕೆ ಗಡಿಯಾರ ಸಿಕ್ಕಿತು. ಗೆದ್ದ ಮೇಲೆ ಹಡಗಿನಲ್ಲಿ 100 ಟನ್ ಹದವಾದ ಬಿಸಿನೀರು ಇತ್ತಲ್ವಾ, ಇಡೀ ಸಿಬ್ಬಂದಿ ಎಣ್ಣೆ ಹಚ್ಚಿಕೊಂಡು ಅಭ್ಯಂಜನ ಮಾಡಿತು. ಇದು ಲೆಕ್ಕ ಹಾಕದಿದ್ದರೆ ನನಗೆ ಸಾಯುವ ತನಕ ಹೊಳೆಯುತ್ತಿರಲಿಲ್ಲ.

ಗುರುತ್ವದ ಪ್ಲೇಟು ತೆಗೆದ ಮೇಲೆ ಉಳಿದದ್ದು, ತಿರುಗುವುದರಿಂದಲೇ ಜನರ ಕಾಲು ನೆಲಕ್ಕೆ ಒತ್ತುವ ಊರು. ನಿಮಿಷಕ್ಕೆ ಎರಡು ಸುತ್ತು ತಿರುಗಿದರೆ ಭೂಮಿಯಷ್ಟೇ ತೂಕ ಬರಲು ಸುಮಾರು 224 ಮೀಟರ್ ತ್ರಿಜ್ಯ ಬೇಕು. ಗಣಿತ ಅಷ್ಟೇ, ಆದರೆ ಅಲ್ಲಿ ಬದುಕುವುದು ಹೇಗಿರುತ್ತದೆ? ಒಂದು ಸಂಜೆ ಅಡುಗೆಮನೆಯಲ್ಲಿ ಲೋಟ ದವರ ಹಿಡಿದು ನಿಂತೆ. ತಿರುಗುವ ಊರಿನಲ್ಲಿ ಬೀಳುವ ವಸ್ತು ನೇರ ಬೀಳುವುದಿಲ್ಲ, ತಿರುಗುವ ದಿಕ್ಕಿಗೆ ಎದುರಾಗಿ ಸರಿಯುತ್ತದೆ. ಅರ್ಧ ಮೀಟರ್ ಎತ್ತಿ ಸುರಿದರೆ ಎರಡು ಸೆಂಟಿಮೀಟರ್ ಅಷ್ಟೇ, ದವರಕ್ಕೇ ಬೀಳುತ್ತದೆ. ಒಂದು ಮೀಟರ್ ಎತ್ತಿ ಸುರಿದರೆ ಆರು ಸೆಂಟಿಮೀಟರ್. ಕಾಫಿ ದವರದ ಅಂಚು ದಾಟಿ ಹೆಬ್ಬೆರಳ ಮೇಲೆ. ಅಲ್ಲೇ ಹುಟ್ಟಿದವಳ ಕೈ ಗೊತ್ತಿಲ್ಲದೆಯೇ ದವರವನ್ನು ಆರು ಸೆಂಟಿಮೀಟರ್ ಪಕ್ಕಕ್ಕೆ ಹಿಡಿಯುತ್ತದೆ. ಹೊರಗಿನಿಂದ ಬಂದ ಗೂಢಚಾರ ಎಲ್ಲ ಕಲಿತಿದ್ದಾನೆ, ಭಾಷೆ, ಹಾಡು, ಬೈಗುಳ ಎಲ್ಲ. ಹೋಟೆಲಿನಲ್ಲಿ ಕಾಫಿ ಎತ್ತಿ ಸುರಿದ. ಅಷ್ಟಕ್ಕೇ ಸಿಕ್ಕಿಬಿದ್ದ.

ಬೆಳಕಿಗಿಂತ ಬೇಗ ಹೋಗುವ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿದ್ದೇನೆ, ಒಪ್ಪಿಕೊಂಡುಬಿಡುತ್ತೇನೆ. ನಾನೂರು ನಕ್ಷತ್ರ ಕಟ್ಟಿಹಾಕಲು ಬೇರೆ ದಾರಿ ಇರಲಿಲ್ಲ. 1988ರಲ್ಲಿ ಭೌತವಿಜ್ಞಾನಿಗಳಾದ ಮಾರಿಸ್ ಮತ್ತು ಥಾರ್ನ್ ಬರೆದ ಲೇಖನದ ವರ್ಮ್‌ಹೋಲ್, ಅಂದರೆ ದೂರದ ಎರಡು ಜಾಗಗಳನ್ನು ಕೂಡಿಸುವ ಸುರಂಗ, ತೆಗೆದುಕೊಂಡೆ. ಅದರ ಬಾಯಿ ಮುಚ್ಚದೆ ಇರಲು ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆ ಶಕ್ತಿ, ಬೇಕು, ಅಷ್ಟು ಋಣ ಶಕ್ತಿ ಎಲ್ಲೂ ಕಂಡಿಲ್ಲ, ಸುಳ್ಳು ಇರುವುದು ಅಲ್ಲೇ. ಆದರೆ ಸುಳ್ಳಿಗೂ ಬಾಡಿಗೆ ಕಟ್ಟಿಸಿದೆ. ವರ್ಮ್‌ಹೋಲಿನ ಇನ್ನೊಂದು ಬಾಯಿಯನ್ನು ಮೊದಲು ಯಾರಾದರೂ ಮಾಮೂಲಿ ದಾರಿಯಲ್ಲೇ ಹೊತ್ತುಕೊಂಡು ಹೋಗಬೇಕಲ್ಲ? 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾಕ್ಕೆ, ಅರ್ಧ ದಾರಿ ಭೂಮಿಯ ಗುರುತ್ವದಷ್ಟು ವೇಗವರ್ಧನೆ, ಮಿಕ್ಕರ್ಧ ಅಷ್ಟೇ ಬ್ರೇಕು ಹಾಕುತ್ತಾ ಹೋದರೆ, ಹೊತ್ತವನಿಗೆ ಮೂರೂವರೆ ವರ್ಷ, ಮನೆಯಲ್ಲಿ ಕಾಯುವವರಿಗೆ ಹತ್ತಿರಹತ್ತಿರ ಆರು ವರ್ಷ. ಈ ವ್ಯತ್ಯಾಸ ಹಿಡಿದೇ ಭೂತಕಾಲಕ್ಕೆ ಹೋಗಬಹುದಲ್ಲ ಅಂತ ಕೇಳುವವರಿದ್ದಾರೆ. ಅವರಿಗೆ ಹಾಕಿಂಗ್ 1992ರಲ್ಲಿ ಮುಂದಿಟ್ಟ ಊಹೆಯನ್ನು ಅಡ್ಡ ಇಟ್ಟಿದ್ದೇನೆ. ಭೂತಕಾಲಕ್ಕೆ ಮರಳುವ ಅಂಥ ಸುತ್ತು ಆಗುವ ಮೊದಲೇ ನಿಸರ್ಗ ಅದನ್ನು ತಡೆಯುತ್ತದೆ. ನನ್ನ ಕಥೆಯಲ್ಲಿ ವರ್ಮ್‌ಹೋಲ್ ಕುಸಿಯುತ್ತದೆ.

ಈ ವರ್ಮ್‌ಹೋಲಿಗೆ ನಾನಿಟ್ಟ ಹೆಸರು ‘ಘಾಟಿ’. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದಾಗ ಸಾಲಾಗಿ ನಿಂತ ಲಾರಿಗಳನ್ನು ನೋಡಿದವರಿಗೆ ನಾನು ಜಾಸ್ತಿ ವಿವರಿಸಬೇಕಿಲ್ಲ. ಘಾಟಿ ಬಂದ್ ಆದ ದಿನ ನೂರಾರು ಹಡಗು ಒಂದರ ಹಿಂದೊಂದು, ಎಲ್ಲರ ಸೋನೆಯೂ ಕತ್ತಲಲ್ಲಿ ಕೆಂಪಗೆ ಸುರಿಯುತ್ತಿದೆ, ಯಾರೋ ಅನ್ನಕ್ಕಿಟ್ಟಿದ್ದಾರೆ, ಯಾರೋ ಸಾಮ್ರಾಜ್ಯವನ್ನು ಬೈಯುತ್ತಿದ್ದಾರೆ.

ನಕ್ಷತ್ರವನ್ನೇ ಸುತ್ತುವರಿಯುವ ಡೈಸನ್ ಗೋಳವನ್ನು ಹಾಗೇ ದೂರದಲ್ಲಿ ತೋರಿಸಿ ಬಿಟ್ಟಿದ್ದೇನೆ. ಅದರ ಬಗ್ಗೆ ಒಂದೇ ಮಾತು. 1960ರಲ್ಲಿ ಭೌತವಿಜ್ಞಾನಿ ಫ್ರೀಮನ್ ಡೈಸನ್ ಅದನ್ನು ಮುಂದಿಟ್ಟಾಗ, ಅಂಥ ನಾಗರಿಕತೆಯನ್ನು ಹುಡುಕಬೇಕಾದರೆ ಅದು ಹೊರಗೆ ಬಿಡುವ ಅವಗೆಂಪು ಬಿಸಿಯನ್ನು ಹುಡುಕಿ ಅಂತಲೇ ಹೇಳಿದ್ದು. ಇದನ್ನು ಭಾವನಿಗೆ ಹೇಳಿದೆ. ‘ಮತ್ತೆ?’ ಅಂದರು, ಅದರಲ್ಲಿ ಹೇಳುವಂಥದ್ದೇನಿದೆ ಅನ್ನುವ ಹಾಗೆ.

ಹೋದ ತಿಂಗಳು ಹದಿನಾಲ್ಕು ಅಧ್ಯಾಯ ಪ್ರಿಂಟ್ ತೆಗೆದು ಮತ್ತೆ ಅವರಿಗೇ ಕೊಟ್ಟೆ. ಎರಡು ವಾರ ಇಟ್ಟುಕೊಂಡು ವಾಪಸ್ ಕೊಟ್ಟರು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಐದನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ: ‘ತವರದ ಪಂಪು ಒಂದೇ ಇದೆ. ಸ್ಟ್ಯಾಂಡ್‌ಬೈ ಎಲ್ಲಿ?’

ಇರಲಿಲ್ಲ. ನಾನು ಮರೆತಿದ್ದೆ. ಮೊದಲು ಒಂದು ಸಾಲು ಸೇರಿಸಿ ಎರಡನೇ ಪಂಪು ಇಟ್ಟುಬಿಡೋಣ ಅಂದುಕೊಂಡೆ. ಆಮೇಲೆ ಆ ಹಿರಿಯ ಕಲಾಯಿಯವಳ ಜಾಗದಲ್ಲಿ ನಿಂತು ಯೋಚಿಸಿದೆ. ಅವಳಿಗೆ ಇದು ಗೊತ್ತಿರಲೇಬೇಕಲ್ವಾ? ಹಡಗಿನ ಮಾಲೀಕ ಎರಡನೇ ಪಂಪನ್ನು ಹಿಂದಿನ ಬಂದರಿನಲ್ಲೇ ಮಾರಿಕೊಂಡಿದ್ದಾನೆ, ಅವಳು ಮೂರು ಸಲ ಅರ್ಜಿ ಬರೆದಿದ್ದಾಳೆ. ಈಗ ಆ ಮೂರು ಅರ್ಜಿ ಬರೆಯುತ್ತಾ ಕೂತಿದ್ದೇನೆ. ಮೊದಲನೆಯದು ವಿನಯದಿಂದ ಇದೆ.