300 ಗ್ರಾಮಿನೊಳಗೆ ಒಂದು ಪುಸ್ತಕ

ಧಾರವಾಡದಲ್ಲಿ ಕಥೆ, ಪ್ರಬಂಧಗಳ ಪುಸ್ತಕ ತರುವ ನನ್ನಂಥ ಸಣ್ಣ ಪ್ರಕಾಶಕನಿಗೆ ಅಂಗಡಿಗಿಂತ ಅಂಚೆಯೇ ದೊಡ್ಡ ಮಾರುಕಟ್ಟೆ. ಓದುಗರು ವಾಟ್ಸಾಪ್‌ನಲ್ಲಿ ವಿಳಾಸ ಕಳಿಸಿ ಹಣ ಹಾಕುತ್ತಾರೆ, ನಾನು ಪುಸ್ತಕ ಕಟ್ಟಿ ಅಂಚೆಗೆ ಕೊಡುತ್ತೇನೆ. ಆದ್ದರಿಂದ 2024ರ ಡಿಸೆಂಬರಿನಲ್ಲಿ ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬ ಅಂಚೆ ಸೇವೆ ಕೊನೆಗೊಂಡಾಗ ನಮ್ಮ ಲೆಕ್ಕವೆಲ್ಲ ಹೊಸದಾಗಿ ಹಾಕಬೇಕಾಯಿತು. 200 ರೂಪಾಯಿಯ ಪುಸ್ತಕದಲ್ಲಿ ಮುದ್ರಣದ ಖರ್ಚು, ಲೇಖಕರ ಗೌರವಧನ, ಓದುಗರಿಗೆ ಕೊಡುವ ರಿಯಾಯಿತಿ ಇವೆಲ್ಲವನ್ನೂ ಕಳೆದರೆ, ಕೊರಿಯರ್ ವೆಚ್ಚವನ್ನು ಹೊರುವಷ್ಟು ಉಳಿಯುವುದಿಲ್ಲ.

2025ರ ಮೇ 1ರಿಂದ ಪುಸ್ತಕಗಳಿಗಾಗಿ ಅಂಚೆ ಇಲಾಖೆಯ ಹೊಸ ಸೇವೆ ಜ್ಞಾನ್ ಪೋಸ್ಟ್ ಬಂದಿತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಇರಬಾರದು. ನಮ್ಮ ಇತರ ಪ್ರಕಟಣೆಗಳ ಪಟ್ಟಿಗೆ ಅಡ್ಡಿಯಿಲ್ಲ. ಭೂಸಾರಿಗೆಯಲ್ಲೇ ಸಾಗುವುದರಿಂದ ತುಸು ನಿಧಾನ, ಆದರೆ ಪೊಟ್ಟಣ ಎಲ್ಲಿದೆಯೆಂದು ನೋಡಬಹುದು. ಅದೇ ತಿಂಗಳು ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದು, ಪುಣೆ, ಹೈದರಾಬಾದ್‌ಗಳಂಥ ಊರುಗಳ ಕನ್ನಡಿಗರಿಂದ ಕಥಾಸಂಕಲನಗಳಿಗೆ ಬೇಡಿಕೆ ಬರತೊಡಗಿತು. ಇದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಅಲ್ಲಿಂದ ಪುಸ್ತಕದ ವಿನ್ಯಾಸವನ್ನೇ ತೂಕದಿಂದ ಆರಂಭಿಸುವ ಕ್ರಮ ಇಟ್ಟುಕೊಂಡೆ. 1/8 ಡೆಮಿ, ಅಂದರೆ ಸುಮಾರು 5.5 × 8.5 ಇಂಚು ಅಳತೆಯ ಒಂದು ಹಾಳೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಸುಮಾರು 2.1 ಗ್ರಾಂ ತೂಗುತ್ತದೆ. 15 ಫಾರಂ, ಅಂದರೆ 240 ಪುಟಗಳ ಪುಸ್ತಕಕ್ಕೆ 120 ಹಾಳೆ ಬೇಕು. ಒಳಪುಟಗಳೇ 253 ಗ್ರಾಂ ಆಗುತ್ತವೆ, ರಕ್ಷಾಪುಟ ಸೇರಿ 270ರ ಆಸುಪಾಸು. ತೆಳುವಾದ ಹೊದಿಕೆಯಲ್ಲಿ ಕಟ್ಟಿದರೆ 300ರೊಳಗೆ ನಿಲ್ಲುತ್ತದೆ. ಅದೇ ಪುಸ್ತಕವನ್ನು 80 ಜಿಎಸ್‌ಎಂನಲ್ಲಿ ಮುದ್ರಿಸಿದರೆ ಕಟ್ಟುವ ಮೊದಲೇ ಮಿತಿ ದಾಟುತ್ತದೆ. ಪುಟ ಉಳಿಸಲೆಂದು ಅಕ್ಷರವನ್ನು ಕಿರಿದುಗೊಳಿಸುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಒತ್ತಕ್ಷರಗಳು ಒಂದಕ್ಕೊಂದು ತಾಗಿದ ಪುಟವನ್ನು ವಯಸ್ಸಾದ ಓದುಗರು ಓದಲಾರರು. ಹಸ್ತಪ್ರತಿ ದೊಡ್ಡದಾಗಿದ್ದರೆ ಲೇಖಕರೊಂದಿಗೆ ಕುಳಿತು, ಯಾವ ಕಥೆಯನ್ನು ಮುಂದಿನ ಸಂಕಲನಕ್ಕೆ ಇಡಬಹುದೆಂದು ನೋಡುತ್ತೇವೆ.

2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಮೇಲಿನ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿತು. ಮುದ್ರಿತ ಪುಸ್ತಕಕ್ಕೆ ತೆರಿಗೆಯಿಲ್ಲದ ಕಾರಣ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಪ್ರಕಾಶಕರು ಮರಳಿ ಪಡೆಯುವಂತಿಲ್ಲ. ಅದು ನೇರವಾಗಿ ಬೆಲೆಗೆ ಸೇರುತ್ತದೆ. ಶಾಲಾ ನೋಟ್‌ಬುಕ್ಕಿನ ಕಾಗದಕ್ಕೆ ಕೊಟ್ಟ ವಿನಾಯಿತಿಯನ್ನು ಪುಸ್ತಕದ ಕಾಗದಕ್ಕೂ ಕೊಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸದ್ಯಕ್ಕೆ, ಮಾರಾಟವಾಗದ ಪ್ರತಿಗಳಲ್ಲಿ ಕಾಗದ ಕಟ್ಟಿಹಾಕದಿರಲು, ಮೊದಲು ಪ್ರಕಟಣಪೂರ್ವ ಬೇಡಿಕೆ ಪಡೆದು, ಅದು ಕೆಲವು ನೂರು ದಾಟಿದರೆ ಆಫ್‌ಸೆಟ್‌ಗೂ ಇಲ್ಲವಾದರೆ ಡಿಜಿಟಲ್ ಮುದ್ರಣಕ್ಕೂ ಕೊಡುತ್ತೇನೆ. ಡಿಜಿಟಲ್‌ನಲ್ಲಿ ಪ್ರತಿಯೊಂದರ ಖರ್ಚು ಹೆಚ್ಚು, ಆದರೆ ಐವತ್ತು ಪ್ರತಿಗಳ ಮರುಮುದ್ರಣವೂ ಸಾಧ್ಯ. ಹಾಗಾಗಿ ನಮ್ಮ ಹಳೆಯ ಶೀರ್ಷಿಕೆಗಳನ್ನೂ ಈಗ ಒಂದೊಂದಾಗಿ ಮತ್ತೆ ಮುದ್ರಣಕ್ಕೆ ತರುತ್ತಿದ್ದೇನೆ.