ಕೆಆರ್‌ಎಸ್ ಮಟ್ಟ ನೋಡಿ ಬೆಳೆ ಲೆಕ್ಕ ಹಾಕುವುದು ಹೇಗೆ?

ಮಳೆಗಾಲ ಬಂತೆಂದರೆ ಮಂಡ್ಯ, ಮೈಸೂರು ಕಡೆ ಪತ್ರಿಕೆ ಕೈಗೆ ಸಿಕ್ಕ ಕೂಡಲೇ ಹುಡುಕುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ ನೀರಿನ ಮಟ್ಟ. ಅದೊಂದನ್ನೇ ನಂಬಿ ಭತ್ತದ ಒಟ್ಲು (ನಾಟಿಗೆ ಸಸಿ ಬೆಳೆಸುವ ಮಡಿ) ಬಿಡಬೇಡಿ. ಕಾವೇರಿ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. 2023ರಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ, ನಮ್ಮ ಮುಂಗಾರು ಸೊರಗುವಂತೆ ಮಾಡಬಲ್ಲ ವಿದ್ಯಮಾನ) ಇತ್ತು, ಆಗಸ್ಟ್‌ನಲ್ಲಿ ಆಶ್ಲೇಷ, ಮಘೆ ಮಳೆ ಕೈಕೊಟ್ಟವು. 1901ರಿಂದೀಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಕಟ್ಟೆ ತುಂಬಲೇ ಇಲ್ಲ. 2024ರಲ್ಲಿ ಜುಲೈಗೆ ತುಂಬಿತು. 2025ರಲ್ಲಿ ಜೂನ್ ಕೊನೆಗೇ ತುಂಬಿತು.

ಮೊದಲು ಅಡಿಯನ್ನು ಬಿಟ್ಟು ಟಿಎಂಸಿ ನೋಡಿ. ಅಡಿ ಹೇಳುವುದು ನೀರಿನ ಎತ್ತರ, ಟಿಎಂಸಿ ಹೇಳುವುದು ನೀರಿನ ಪ್ರಮಾಣ. ಪೂರ್ಣ ಮಟ್ಟ 124.80 ಅಡಿ. ಆಗ ಕಟ್ಟೆಯಲ್ಲಿ 49.45 ಟಿಎಂಸಿ ನೀರು. ಮಟ್ಟ 100 ಅಡಿ ಇದ್ದರೆ ‘ಇನ್ನು 25 ಅಡಿ ತಾನೇ’ ಅನ್ನಿಸುತ್ತದೆ, ಅಲ್ವಾ? ಆದರೆ ಆಗ ನೀರು ಅರ್ಧವೂ ಇರುವುದಿಲ್ಲ. ಕಟ್ಟೆ ಬಾಣಲೆ ಇದ್ದ ಹಾಗೆ, ಮೇಲೆ ಹೋದಷ್ಟೂ ಅಗಲ.

ಆಮೇಲೆ ಒಳಹರಿವು. 1 ಟಿಎಂಸಿ ಅಂದರೆ 100 ಕೋಟಿ ಘನ ಅಡಿ. 1 ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ 1 ಟಿಎಂಸಿ. ಒಳಹರಿವು 25,000, ಹೊರಹರಿವು 5,000 ಇದೆ ಅಂದುಕೊಳ್ಳಿ. ಉಳಿಯುವುದು 20,000. ಅದನ್ನು 11,574ರಿಂದ ಭಾಗಿಸಿ. ಆ ದಿನ ಕಟ್ಟೆಗೆ ಸೇರಿದ್ದು ಸುಮಾರು 1.7 ಟಿಎಂಸಿ. ಒಂದೇ ದಿನದ ಲೆಕ್ಕಕ್ಕೆ ಹಿಗ್ಗಬೇಡಿ. ಕೊಡಗಿನಲ್ಲಿ ಮಳೆ ನಿಂತರೆ ಒಳಹರಿವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಗೋಡೆಯ ಕ್ಯಾಲೆಂಡರ್ ಮೇಲೆ ದಿನವೂ ಬರೆದಿಡಿ. ಒಂದು ವಾರದ್ದು ಒಟ್ಟಿಗೆ ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ಬಂದ ನೀರೆಲ್ಲ ನಮ್ಮ ನಾಲೆಗಲ್ಲ. ಬೆಂಗಳೂರು, ಮೈಸೂರಿನ ಕುಡಿಯುವ ನೀರು ಮೊದಲು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲು ಬಳಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಈ ಹಂಚಿಕೆಗೆ ಆಧಾರ, ಇಡೀ ಕಣಿವೆಯಲ್ಲಿ ಸಿಗುವ 740 ಟಿಎಂಸಿ. ಅದು ಶೇ 50ರ ಭರವಸೆಯ ಲೆಕ್ಕ. ಅಂದರೆ ಹತ್ತು ವರ್ಷದಲ್ಲಿ ಐದು ವರ್ಷ ಮಾತ್ರ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಸಿಕ್ಕೀತು. ಉಳಿದ ಐದು ವರ್ಷ ಎರಡೂ ರಾಜ್ಯಗಳ ರೈತರಿಗೆ ಸಂಕಟವೇ. ನನ್ನ ಪ್ರಕಾರ ನಾಟಿಗೆ ಮುಂಚೆ ಎಲ್ಲರೂ ನೆನಪಿಡಬೇಕಾದ ಸಂಖ್ಯೆ ಈ ‘ಹತ್ತರಲ್ಲಿ ಐದು’.

ಈಗ ನಿಮ್ಮ ಗದ್ದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದ್ದೀರಾ? ಆಗಸ್ಟ್ ಮಧ್ಯಕ್ಕೂ ಕಟ್ಟೆ ಅರ್ಧವೇ ಇದ್ದು, ಒಳಹರಿವು ಇಳಿಯುತ್ತಿದ್ದರೆ ಭತ್ತ ಬಿಟ್ಟು ರಾಗಿಗೆ ಹೋಗಿ. ಭತ್ತವೇ ಬೇಕೆಂದರೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸುವ ಸರದಿ) ನಿಮ್ಮ ತೂಬಿಗೆ ಯಾವ ದಿನ ನೀರು, ಎಷ್ಟು ದಿನ ಎಂದು ನಾಲೆ ನೀರು ಹಂಚುವ ನೀರುಗಂಟಿಯನ್ನು ಕೇಳಿಕೊಂಡೇ ಒಟ್ಲು ಬಿಡಿ.