35 ಎಂಎಂ ಲೆನ್ಸ್‌ನಲ್ಲಿ ಉಲ್ಕೆ ಹಿಡಿದದ್ದು: ನನ್ನ ಅನುಭವ

"14 ಎಂಎಂ ಇಲ್ದೆ ಉಲ್ಕಿ ಸಿಗಂಗಿಲ್ಲ ಬಿಡ್ರಿ" ಎಂದು ಕಲಬುರಗಿಯ ನಮ್ಮ ಕ್ಯಾಮೆರಾ ಗೆಳೆಯರು ಹೇಳುತ್ತಲೇ ಇದ್ದರು. ನಾನೂ ಸೆಕೆಂಡ್ ಹ್ಯಾಂಡ್‌ನಲ್ಲಿ 17 ಸಾವಿರ ಕೊಟ್ಟು, ಆಕಾಶದ ಅಗಲ ಭಾಗ ಹಿಡಿಯುವ ಮ್ಯಾನುಯಲ್ 14 ಎಂಎಂ ಲೆನ್ಸ್ ತಗೊಂಡೆ. ಆಗಸ್ಟ್‌ನ ಪರ್ಸೀಡ್ ಉಲ್ಕಾಪಾತ ನಮ್ಮ ಕಡೆ ಮೋಡಕ್ಕೇ ಮೀಸಲು, ಅದನ್ನು ಬಿಟ್ಟುಬಿಡಿ. ಡಿಸೆಂಬರ್‌ನಲ್ಲಿ ಮಿಥುನ ರಾಶಿಯಿಂದ ಹೊರಟಂತೆ ಕಾಣುವ ಉಲ್ಕೆಗಳು ಜೆಮಿನಿಡ್; 2022ರ ಜೆಮಿನಿಡ್‌ಗೆ ರಾತ್ರಿ ಹನ್ನೊಂದರೊಳಗೆ ಚಂದ್ರ ಹಾಜರ್. ಆದರೆ ನಿಜವಾದ ಕಾಟ ಚಂದ್ರನದ್ದಲ್ಲ, ಊರ ಬೆಳಕಿನದ್ದು. ಆಳಂದ ರಸ್ತೆಯಲ್ಲಿ 25 ಕಿಲೋಮೀಟರ್ ಹೋದರೂ 14 ಎಂಎಂ ಫ್ರೇಮಿನ ಕೆಳಗಡೆ ಕಲಬುರಗಿಯ ಕೇಸರಿ ಬೆಳಕು ಬಂದು ಕೂರುತ್ತದೆ. ಚಿಂಚೋಳಿ ಕಡೆ ಹೋಗಿ ನೋಡಿದೆ. ರಾತ್ರಿ ಕಾಡಿನೊಳಗೆ ಬಿಡುವುದಿಲ್ಲ, ರಸ್ತೆ ಬದಿ ನಿಂತರೆ ಲಾರಿಗಳ ಹೆಡ್‌ಲೈಟ್. ಪೆಟ್ರೋಲಿಗೆ ಹೋದ ದುಡ್ಡಿನಲ್ಲಿ ಇನ್ನೊಂದು ಟ್ರೈಪಾಡ್ ಬರುತ್ತಿತ್ತು.

ಆಮೇಲೆ ಪೆನ್ನು ಹಿಡಿದು ಕೂತೆ. ಉಲ್ಕೆ ಒಂದು ಪಿಕ್ಸೆಲ್ ದಾಟುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಎಕ್ಸ್‌ಪೋಷರ್ (ಶಟರ್ ತೆರೆದಿರುವ ಹೊತ್ತು) 8 ಸೆಕೆಂಡ್ ಇರಲಿ, 25 ಇರಲಿ, ಗೆರೆಯ ಹೊಳಪು ಅಷ್ಟೇ. ಹೊತ್ತು ಜಾಸ್ತಿ ಮಾಡಿದರೆ ಬೆಳ್ಳಗಾಗುವುದು ಆಕಾಶ ಮಾತ್ರ. ಗೆರೆ ಹೊಳೆಯಬೇಕು ಅಂದರೆ ಲೆನ್ಸಿನ ಬಾಯಿ ದೊಡ್ಡದಿರಬೇಕು. 14 ಎಂಎಂ ಅನ್ನು 2.8 ಅಪರ್ಚರ್‌ಗೆ ಇಟ್ಟರೆ ಬಾಯಿ 5 ಮಿಲಿಮೀಟರ್. 35 ಎಂಎಂ ಅನ್ನು 2ಕ್ಕೆ ಇಟ್ಟರೆ 17ರ ಮೇಲೆ. 35 ಎಂಎಂನಲ್ಲಿ ಉಲ್ಕೆ ಪಿಕ್ಸೆಲ್ ಇನ್ನೂ ಬೇಗ ದಾಟುವುದನ್ನೂ ಕಳೆದು ನೋಡಿದರೆ ಗೆರೆ ಸುಮಾರು ಐದು ಪಟ್ಟು ಹೊಳಪು. ಆಕಾಶ ಕಡಿಮೆ ಸಿಗುತ್ತದೆ, ನಿಜ. ಆದರೆ ಫ್ರೇಮ್ ಚಿಕ್ಕದಾದ್ದರಿಂದ ಕ್ಯಾಮೆರಾ ಮೇಲಕ್ಕೆ ತಿರುಗಿಸಿ ಊರ ಬೆಳಕನ್ನು ಪೂರ್ತಿ ಹೊರಗೆ ಇಡಬಹುದು. ಅದರ ಮೇಲೆ ಜೆಮಿನಿಡ್ ನಿಧಾನದವು, ಪಿಕ್ಸೆಲ್ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಇರುತ್ತವೆ: ಸೆಕೆಂಡಿಗೆ 35 ಕಿಲೋಮೀಟರ್. ಪರ್ಸೀಡ್ 59.

14 ಎಂಎಂ ಅನ್ನು ಎರಡು ಸಾವಿರ ಲುಕ್ಸಾನಿಗೆ ಮಾರಿದೆ. ಹಳೆಯ ಕ್ರಾಪ್ ಬಾಡಿ, ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾ, ಇನ್ನೊಂದು ತಗೊಂಡೆ, 14 ಸಾವಿರದ ಆಸುಪಾಸು. 35 ಎಂಎಂ ಎರಡು, ಒಂದೊಂದು ಏಳೂವರೆ ಸಾವಿರ. ಮನೆಯಲ್ಲಿ ಒಂದೇ ಲೆನ್ಸ್‌ನ ಲೆಕ್ಕ ಕೊಟ್ಟಿದ್ದೇನೆ.

2023ರ ಡಿಸೆಂಬರ್ 14ರ ರಾತ್ರಿ. ಅಮಾವಾಸ್ಯೆ ಆಗಿ ಎರಡೇ ದಿನ. ಅದೇ ಆಳಂದ ರಸ್ತೆ, ಪರಿಚಯದ ಕಾಕಾ ಅವರ ತೊಗರಿ ಹೊಲ. ಯಾವ ಹೊಲ ಅಂತ ಕೇಳಬೇಡಿ. ಮೊದಲು ಒಂದು ಕ್ಯಾಮೆರಾ ಕೃತ್ತಿಕೆ ಕಡೆ, ಇನ್ನೊಂದು ಓರಿಯನ್ ಮೇಲುಗಡೆ. ರಾತ್ರಿ ಎರಡು ಗಂಟೆಯ ನಂತರ ಒಂದನ್ನು ಸಿಂಹ ರಾಶಿಗೆ ತಿರುಗಿಸಿದೆ. ಮಿಥುನದ ಮೇಲೇ ನೆಟ್ಟರೆ ಗೆರೆ ಗಿಡ್ಡ ಬರುತ್ತದೆ, ನಲವತ್ತು ಐವತ್ತು ಡಿಗ್ರಿ ಪಕ್ಕಕ್ಕೆ ಇಟ್ಟರೆ ಉದ್ದ. ಐಎಸ್ಒ (ಬೆಳಕಿಗೆ ಸೂಕ್ಷ್ಮತೆ) 3200, ಎಕ್ಸ್‌ಪೋಷರ್ 8 ಸೆಕೆಂಡ್, ನಡುವೆ ಒಂದು ಸೆಕೆಂಡ್ ಬಿಡುವು.

ಆನ್‌ಲೈನ್‌ನಲ್ಲಿ ತರಿಸಿದ, ಬ್ಯಾಟರಿ ಜಾಗದಲ್ಲಿ ಕೂರಿಸಿ ಹೊರಗಿನಿಂದ ಕರೆಂಟ್ ಕೊಡುವ ಡಮ್ಮಿ ಬ್ಯಾಟರಿ ಎರಡೇ ಗಂಟೆಗೆ ಕೈಕೊಟ್ಟಿತು. ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಮಾಮೂಲಿ ಬ್ಯಾಟರಿಗಳೇ ಬೆಳಗಿನವರೆಗೆ ಕಾಪಾಡಿದವು. ಲೆನ್ಸ್ ಮೇಲೆ ಇಬ್ಬನಿ ಕೂರದಿರಲಿ ಅಂತ ಹಿಂದೆ ಬಿಸಿ ಉಪ್ಪಿನ ಗಂಟು ಕಟ್ಟಿ ನೋಡಿದ್ದೆ, ಅರ್ಧ ಗಂಟೆಗೆ ತಣ್ಣಗಾಗುತ್ತದೆ. ಈ ಸಲ 900 ರೂಪಾಯಿಯ ಯುಎಸ್‌ಬಿ ಹೀಟರ್ ಪಟ್ಟಿ, ಪವರ್ ಬ್ಯಾಂಕ್. ತೊಗರಿ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಗಾಜು ಒಣಗಿಯೇ ಇತ್ತು.

ಒಂದು ಗಂಟೆಯ ಸುಮಾರಿಗೆ ಕಾಕಾ ಬ್ಯಾಟ್ರಿ (ಟಾರ್ಚ್) ಬಿಡುತ್ತಾ ಬಂದರು. "ಹಂದಿ ಕಾಯ್ಲಿಕತ್ತಿ ಏನೋ ತಮ್ಮಾ?" ಹತ್ತು ಹನ್ನೆರಡು ಫ್ರೇಮ್ ಹಾಳು. ಅವರ ಬ್ಯಾಟ್ರಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಟ್ಟೆ. "ಇದ್ರಾಗ ಹಂದಿ ಎಲ್ಲಿ ಕಾಣ್ತಾವ" ಅಂದರು, ಆದರೂ ನಾಲ್ಕರವರೆಗೆ ನನ್ನ ಜೊತೆಯೇ ಕೂತು ಎಣಿಸಿದರು. ಅವರ ಎಣಿಕೆ ಇನ್ನೂರು ದಾಟಿತ್ತು. ನಾನು ಅಷ್ಟು ನಂಬುವುದಿಲ್ಲ.

ಮಧ್ಯೆ ಒಂದು ಆಟ. ಉಲ್ಕೆಯ ಜಾಡಿಗೆ ಬಡಿದು ದೂರದ ಎಫ್‌ಎಂ ಸ್ಟೇಷನ್ ಒಂದು ಕ್ಷಣ ಕೇಳುತ್ತದಲ್ವಾ, ಅದಕ್ಕೆ ಕಾರಿನ ರೇಡಿಯೋವನ್ನು ಖಾಲಿ ಫ್ರೀಕ್ವೆನ್ಸಿಗೆ ಇಟ್ಟೆ. ಗಂಟೆ ಹೊತ್ತಿನಲ್ಲಿ ಎರಡು ಮೂರು ಸಲ ಅರ್ಧ ಸೆಕೆಂಡ್ ಹಾಡಿನ ಚೂರು. ಒಂದು ಸಲವಂತೂ ಅದೇ ಕ್ಷಣಕ್ಕೆ ಮೇಲೆ ದೊಡ್ಡ ಗೆರೆ. ಸರಿಯಾದ ಆಂಟೆನಾ ಹಾಕಿ ಇನ್ನೊಮ್ಮೆ ನೋಡಬೇಕು.

ಒಂದೊಂದು ಕ್ಯಾಮೆರಾದಲ್ಲಿ ಎರಡು ಸಾವಿರದ ಹತ್ತಿರ ಫ್ರೇಮ್, 64 ಜಿಬಿ ಕಾರ್ಡ್ ಹೆಚ್ಚುಕಮ್ಮಿ ಭರ್ತಿ. ಸ್ಯಾಟಲೈಟ್ ಬೇರೆ ಮಾಡುವುದಕ್ಕೂ ಚಿಕ್ಕ ಎಕ್ಸ್‌ಪೋಷರೇ ವಾಸಿ: ಸ್ಯಾಟಲೈಟ್ ಮುಂದಿನ ಫ್ರೇಮಿಗೂ ಹೋಗುತ್ತದೆ, ಉಲ್ಕೆ ಒಂದರಲ್ಲೇ ಮುಗಿಯುತ್ತದೆ. ಸೋಸಿದ ಮೇಲೆ ಎರಡೂ ಸೇರಿ ನಲವತ್ತರ ಆಸುಪಾಸು ಉಲ್ಕೆ. 14 ಎಂಎಂನಲ್ಲಿ ಹಿಂದೆ ಸಿಕ್ಕಿದ್ದು ನಾಲ್ಕೈದು, ಅವನ್ನೂ ಬೆರಳಿಟ್ಟು ತೋರಿಸಬೇಕಿತ್ತು. ಎಲ್ಲವನ್ನೂ ಒಂದೇ ಚಿತ್ರದಲ್ಲಿ ಮಿಥುನದಿಂದ ಹೊರಡುವಂತೆ ಕೂಡಿಸಿದೆ. ಎರಡು ಕ್ಯಾಮೆರಾಗಳ ಅಂಚು ಹೊಂದಿಸಿದ ಬಗೆ ಮಾತ್ರ ನನ್ನ ಹತ್ತಿರವೇ ಇರಲಿ.

2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ಕ್ಕೆ, ಹಾಗಾಗಿ 14ರ ಚಂದ್ರ ಮಧ್ಯರಾತ್ರಿಗೆ ಮೊದಲೇ ಮುಳುಗುತ್ತಾನೆ. ಅಷ್ಟರಲ್ಲಿ ಮೂರನೇ ಬಾಡಿ ಆಗಬೇಕು. 14 ಎಂಎಂ ಇಲ್ಲದೆ ಆಗುವುದಿಲ್ಲ ಅಂದವರಲ್ಲಿ ಇಬ್ಬರು ಈಗ 35 ಎಂಎಂ ಹುಡುಕುತ್ತಿದ್ದಾರಂತೆ. ಹುಡುಕಲಿ, ಏಳೂವರೆ ಮೇಲೆ ಮಾತ್ರ ಯಾರೂ ಕೊಡಬೇಡಿ, ರೇಟು ಕೆಡುತ್ತದೆ.